ವೀರವನಿತೆಯರೂ ಶತ್ರುಗಳ ಲೇಖನಿಯೂ

ನ್ಯಾಯಶಾಸ್ತ್ರದ ಪಾಠದಲ್ಲಿ ಶಬ್ದಪ್ರಮಾಣದ ಪ್ರಕರಣಕ್ಕೆ ಬಂದೊಡನೆ ನಮ್ಮ ಗುರುಗಳು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದರು. ಆಪ್ತನ ವಾಕ್ಯವು ಪ್ರಮಾಣವೆಂಬುದು ಸರಿಯಷ್ಟೆ. ಹಾಗಾದರೆ ಹಗೆಯ ವಾಕ್ಯಕ್ಕೆ ಯಾವ ಸ್ಥಾನ? ವಿದ್ಯಾರ್ಥಿಗಳಾದ ನಾವು ಒಬ್ಬೊಬ್ಬರು ಒಂದೊಂದು ಉತ್ತರವನ್ನು ಹೇಳುತ್ತಿದ್ದೆವು. ಹಗೆಯು ನಿಂದಿಸಿದರೆ ಅರ್ಧ ನಂಬಿರಿ, ಹೊಗಳಿದರೆ ಪೂರ್ತಿ ನಂಬಿರಿ, ಎಂದು ಹೇಳಿ ಅವರು ನಗುತ್ತ ಪಾಠವನ್ನು ಮುಂದುವರಿಸುತ್ತಿದ್ದರು. ಲೋಕದ ಇತಿಹಾಸದಲ್ಲಿ ಆಯುಧಪಾಣಿಯರಾಗಿ ರಣರಂಗಕ್ಕಿಳಿದ ಸ್ತ್ರೀಯರನ್ನು ಕುರಿತು ಈ ಸಂಪುಟಕ್ಕೆ ಒಂದು ಲೇಖನವನ್ನು ಬರೆಯಬೇಕೆಂದು ಅಪ್ಪಣೆಯಾದಾಗ ಆ ಹಳೆಯ ಮಾತು ನೆನಪಿಗೆ ಬಂದಿತು. ಏಕೆಂದರೆ, ಅಂತಹ ಸ್ತ್ರೀಯರಲ್ಲಿ ಬಹುಮಂದಿಯ ಚರಿತ್ರೆಯು ನಮಗೆ ದೊರೆತಿರುವುದು ಅವರ ಶತ್ರುಗಳ ಬರಹದಿಂದಲೇ. ಕಾದಿದವಳು ಒಬ್ಬಳು, ಬರೆದವನು ಅವಳಿಂದ ಏಟುತಿಂದ ಪಕ್ಷದವನು. ಈ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಓದಿದರೆ ವೀರವನಿತೆಯರ ಕಥೆಗಳು ಬರಿಯ ವಿಸ್ಮಯದ ಕಥೆಗಳಾಗಿ ಉಳಿಯುವುವಲ್ಲದೆ ಇತಿಹಾಸವಾಗಲಾರವು.

ಪುರಾತನವಾದ ಒಂದು ನಿದರ್ಶನವನ್ನು ಮೊದಲು ನೋಡೋಣ. ಕ್ರಿ. ಪೂ. ೪೮೦ರಲ್ಲಿ ಪಾರಸಿಕ ಚಕ್ರವರ್ತಿಯಾದ ಕ್ಸರ್ಕ್ಸೀಸನು ಗ್ರೀಸ್ ದೇಶದ ಮೇಲೆ ದಂಡೆತ್ತಿ ಹೋದನು. ಆಗ ಅವನ ನೌಕಾಸೈನ್ಯದಲ್ಲಿ ಹ್ಯಾಲಿಕಾರ್ನಾಸಸ್ ನಗರದ ರಾಣಿಯಾದ ಆರ್ಟಿಮಿಸಿಯಾ ಎಂಬವಳು ತನ್ನ ಐದು ಹಡಗುಗಳೊಡನೆ ಇದ್ದಳು. ಪತಿಯು ತೀರಿಹೋಗಿ ಮಗನು ಎಳೆಯನಾಗಿದ್ದುದರಿಂದ ಆಳ್ವಿಕೆಯ ಭಾರವು ಅವಳ ಮೇಲಿದ್ದಿತು. ಸಲಾಮಿಸ್ ಎಂಬಲ್ಲಿ ಸಮುದ್ರದ ಮೇಲೆ ಕಾದುವುದು ಬೇಡವೆಂದು ಚಕ್ರವರ್ತಿಗೆ ಹಿತವನ್ನು ಹೇಳಿದವಳು ಅವಳೊಬ್ಬಳೇ. ಆತನು ಆ ಮಾತನ್ನು ಮೆಚ್ಚಿದನು, ಆದರೆ ನಡೆಸಲಿಲ್ಲ. ಯುದ್ಧವು ಕೈಮೀರಿ ಅಥೆನ್ಸಿನ ಹಡಗೊಂದು ಅವಳನ್ನು ಬೆನ್ನಟ್ಟಿದಾಗ ಎದುರಿಗೆ ಅಡ್ಡವಾದ ತನ್ನ ಪಕ್ಷದ ಹಡಗಿಗೇ ಡಿಕ್ಕಿಹೊಡೆದು ಮುಳುಗಿಸಿಬಿಟ್ಟಳು. ಬೆನ್ನಟ್ಟಿದವನು ಇವಳು ತಮ್ಮವಳೆಂದು ಬಗೆದು ಹಿಂದಿರುಗಿದನು. ದೂರದಿಂದ ನೋಡುತ್ತಿದ್ದ ಚಕ್ರವರ್ತಿಯಾದರೋ ಅವಳು ಶತ್ರುವಿನ ಹಡಗನ್ನು ಮುಳುಗಿಸಿದಳೆಂದು ಬಗೆದು, ತನ್ನ ಗಂಡಸರು ಹೆಂಗಸರಾದರು, ಹೆಂಗಸರು ಗಂಡಸರಾದರು ಎಂದು ಉದ್ಗರಿಸಿದನಂತೆ. ಮುಳುಗಿದ ಹಡಗಿನಲ್ಲಿ ದೂರುಹೇಳಲು ಒಬ್ಬನೂ ಉಳಿಯಲಿಲ್ಲ. ಇದನ್ನೆಲ್ಲ ಬರೆದವನು ಹೆರೊಡೊಟಸ್. ಗ್ರೀಕರ ವಿಜಯವನ್ನು ಕೀರ್ತಿಸಲು ಹೊರಟ ಅವನು ಎದುರುಪಕ್ಷದ ಈ ರಾಣಿಯ ಬುದ್ಧಿಯನ್ನು ಅಷ್ಟು ವಿಸ್ತಾರವಾಗಿ ಬಣ್ಣಿಸಿದುದೇಕೆ? ಅವನೂ ಹ್ಯಾಲಿಕಾರ್ನಾಸಸ್ಸಿನಲ್ಲಿಯೇ ಹುಟ್ಟಿದವನೆಂಬುದು ತಿಳಿದರೆ ಅರ್ಧ ಉತ್ತರವು ದೊರೆತಂತಾಯಿತು. ಅಥೆನ್ಸಿನವರು ಅವಳನ್ನು ಜೀವಸಹಿತ ಹಿಡಿದವನಿಗೆ ಹತ್ತುಸಾವಿರ ದ್ರಾಖ್ಮ ನಾಣ್ಯಗಳ ಬಹುಮಾನವನ್ನು ಸಾರಿದ್ದರೆಂಬುದನ್ನೂ ಅವನೇ ತಿಳಿಸುತ್ತಾನೆ. ಒಬ್ಬ ಹೆಂಗಸು ತಮ್ಮ ಮೇಲೆ ದಂಡೆತ್ತಿ ಬಂದಳೆಂಬುದು ಅವರಿಗೆ ಸಹಿಸದಾಗಿದ್ದಿತು.

ಬ್ರಿಟನ್ ದ್ವೀಪದ ಬೌಡಿಕಾ ರಾಣಿಯ ಕಥೆಯು ಇದಕ್ಕಿಂತ ಹೆಚ್ಚು ಮನನೀಯವಾದುದು. ಕನ್ನಡಿಗರು ಅದನ್ನು ಓದುವಾಗ ಇದೇನು ನಮ್ಮ ನಾಡಿನ ಕಥೆಯೇ ಎಂದು ಬೆರಗಾಗಬೇಕು. ಐಸಿನಿ ಎಂಬ ಜನಾಂಗದ ಅರಸನಾದ ಪ್ರಸುಟಾಗಸನು ರೋಮಿನ ಆಶ್ರಿತನಾಗಿ ಆಳುತ್ತಿದ್ದನು. ಗಂಡುಸಂತಾನವಿಲ್ಲದ ಅವನು ಸಾಯುವಾಗ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಚಕ್ರವರ್ತಿಯಾದ ನೀರೋನನ್ನೂ ವಾರಸುದಾರನನ್ನಾಗಿ ಮರಣಶಾಸನವನ್ನು ಬರೆದಿಟ್ಟನು. ಚಕ್ರವರ್ತಿಗೆ ಪಾಲನ್ನು ಕೊಟ್ಟರೆ ಮಕ್ಕಳ ಪಾಲು ಉಳಿದೀತೆಂಬುದು ಅವನ ಆಸೆ. ರೋಮಿನ ಅಧಿಕಾರಿಗಳು ಆ ಶಾಸನವನ್ನು ಲೆಕ್ಕಿಸದೆ ರಾಜ್ಯವನ್ನೇ ಸೂರೆಮಾಡಿದರು. ವಿಧವೆಯಾದ ರಾಣಿಯನ್ನು ಚಾವಟಿಯಿಂದ ಹೊಡೆಸಿದರು. ಹೆಣ್ಣುಮಕ್ಕಳ ಮಾನವನ್ನು ಕಳೆದರು. ಕ್ರಿ. ಶ. ೬೦ ಅಥವಾ ೬೧ರಲ್ಲಿ ಅವಳು ತನ್ನ ಜನರನ್ನೂ ನೆರೆಯ ಜನಾಂಗಗಳನ್ನೂ ಕೂಡಿಸಿಕೊಂಡು ಎದ್ದಳು. ಈಗಿನ ಕಾಲ್ಚೆಸ್ಟರ್, ಲಂಡನ್, ಸೇಂಟ್ ಆಲ್ಬನ್ಸ್ ಎಂಬ ಮೂರು ಪಟ್ಟಣಗಳು ಸುಟ್ಟು ಬೂದಿಯಾದುವು. ಆ ಬೆಂಕಿಯ ಕೆಂಪು ಮಣ್ಣಿನ ಪದರವು ಲಂಡನ್ ಪಟ್ಟಣದ ನೆಲದಡಿಯಲ್ಲಿ ಅಗೆಯುವವರಿಗೆ ಇಂದಿಗೂ ಸಿಕ್ಕುತ್ತದೆ. ರೋಮಿನ ಕಡೆ ಎಪ್ಪತ್ತುಸಾವಿರ ಮಂದಿ ಸತ್ತರೆಂದು ಟ್ಯಾಸಿಟಸನು ಬರೆದನು. ಕೊನೆಯಲ್ಲಿ ಸ್ವಿಟೋನಿಯಸ್ ಪಾಲಿನಸ್ ಎಂಬ ದಳಪತಿಯು ಅವಳನ್ನು ಸೋಲಿಸಿದಾಗ ಬ್ರಿಟನ್ನರು ಎಂಬತ್ತುಸಾವಿರ ಮಂದಿಯೂ ರೋಮನರು ಕೇವಲ ನಾಲ್ಕುನೂರು ಮಂದಿಯೂ ಮಡಿದರೆಂದು ಕೇಳಿಕೆಯೆಂದೂ ಅವನೇ ಬರೆದನು. ಗೆದ್ದವನ ಎಣಿಕೆಯು ಹೀಗೆಯೇ ಇರುತ್ತದೆ.

ಟ್ಯಾಸಿಟಸನ ಮಾವನಾದ ಅಗ್ರಿಕೊಲನು ಆ ಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿಯೇ ಸೈನ್ಯದಲ್ಲಿದ್ದನು. ಆದುದರಿಂದ ಅವನ ಬರಹಕ್ಕೆ ಬೆಲೆಯುಂಟು. ಡಿಯೋ ಎಂಬ ಇನ್ನೊಬ್ಬನು ಬಹುಕಾಲದ ತರುವಾಯ ಬರೆದನು. ರಾಣಿಯ ಎತ್ತರ, ಸೊಂಟದವರೆಗೆ ಇಳಿದ ಕೆಂಚುಗೂದಲು, ಕೊರಳಿನ ಚಿನ್ನದ ಕಂಠಿ, ಕರ್ಕಶವಾದ ಧ್ವನಿ, ಇವು ಅವನ ವರ್ಣನೆ. ಇಬ್ಬರೂ ಅವಳ ಬಾಯಿಂದ ದೀರ್ಘವಾದ ಭಾಷಣಗಳನ್ನು ಮಾಡಿಸಿದ್ದಾರೆ. ಅವಳು ತನ್ನ ಭಾಷೆಯಲ್ಲಿ ತನ್ನವರಿಗೆ ಹೇಳಿದುದನ್ನು ರೋಮನರು ಕೇಳಿ ಬರೆದುಕೊಂಡರೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಕವಿಗಳು ದುರ್ಯೋಧನನಿಗೆ ಮಾತನ್ನು ಕೊಟ್ಟಂತೆ ಅವರು ಕೊಟ್ಟರು. ಅವಳು ವಿಷವನ್ನು ಕುಡಿದು ಸತ್ತಳೆಂದು ಒಬ್ಬನು, ರೋಗದಿಂದ ಸತ್ತಳೆಂದು ಮತ್ತೊಬ್ಬನು. ನಮ್ಮ ಗುರುಗಳ ಸೂತ್ರಕ್ಕೆ ಇಲ್ಲಿ ಒಂದು ತಿದ್ದುಪಡಿಯೂ ಬೇಕಾಗುತ್ತದೆ. ಹಗೆಯ ಹೊಗಳಿಕೆಯೂ ಸದಾ ನಿಷ್ಕಾಮವಲ್ಲ. ಟ್ಯಾಸಿಟಸನು ಬೌಡಿಕೆಯ ಅಭಿಮಾನವನ್ನು ಎತ್ತಿಹಿಡಿದುದರಲ್ಲಿ ನೀರೋನ ಕಾಲದ ರೋಮನರ ಅವಮಾನವನ್ನು ತೋರಿಸುವ ಉದ್ದೇಶವೂ ಸೇರಿದೆ. ಆದರೂ ಒಂದು ಸಂಗತಿಯನ್ನು ಅವನು ಮುಚ್ಚಿಡಲಿಲ್ಲ: ಯುದ್ಧವು ಹುಟ್ಟಿದುದು ರೋಮಿನ ಅನ್ಯಾಯದಿಂದ. ಶತ್ರುವು ತನ್ನವರ ತಪ್ಪನ್ನು ತಾನೇ ಬರೆದರೆ ಅದಕ್ಕಿಂತ ಬಲವಾದ ಪ್ರಮಾಣವಿಲ್ಲ.

ಅದೇ ಶತಮಾನದಲ್ಲಿ, ಕ್ರಿ. ಶ. ೪೦ರಲ್ಲಿ, ಈಗಿನ ವಿಯೆಟ್ನಾಮ್ ದೇಶದಲ್ಲಿ ಟ್ರುಂಗ್ ಮನೆತನದ ಅಕ್ಕತಂಗಿಯರಿಬ್ಬರು ಚೀನದ ಹಾನ್ ಚಕ್ರಾಧಿಪತ್ಯದ ವಿರುದ್ಧ ಎದ್ದು ಅರುವತ್ತೈದು ಊರುಗಳನ್ನು ವಶಪಡಿಸಿಕೊಂಡರು. ಮೂರು ವರ್ಷಗಳ ತರುವಾಯ ಮಾ ಯುವಾನ್ ಎಂಬ ಸೇನಾಪತಿಯು ಅವರನ್ನು ಮುರಿದನು. ಚೀನರ ಗ್ರಂಥದ ಪ್ರಕಾರ ಅವರ ತಲೆಗಳನ್ನು ಕಡಿದು ರಾಜಧಾನಿಗೆ ಕಳುಹಿಸಲಾಯಿತು. ವಿಯೆಟ್ನಾಮಿನ ಜನರ ಪ್ರಕಾರ ಅವರು ಹಾಟ್ ನದಿಯಲ್ಲಿ ಧುಮುಕಿ ಪ್ರಾಣವನ್ನು ಬಿಟ್ಟರು. ಇವೆರಡರಲ್ಲಿ ಯಾವುದು ನಿಜವೆಂದು ತೀರ್ಪುಹೇಳುವುದು ನನ್ನ ಕೆಲಸವಲ್ಲ. ಹಗೆಯ ಕೈಗೆ ಸಿಕ್ಕಲಿಲ್ಲವೆಂದು ಹೇಳಿಕೊಳ್ಳುವುದು ಸೋತ ಜನರಿಗೆ ಎಷ್ಟು ಅಗತ್ಯವಾಗಿದ್ದಿತೆಂಬುದು ಮಾತ್ರ ಸ್ಪಷ್ಟ. ಅಲ್ಲಿ ಆ ಸೋದರಿಯರಿಗೆ ಗುಡಿಗಳಿವೆ. ಪೂಜೆಯು ಈಗಲೂ ನಡೆಯುತ್ತದೆ.

ಶತ್ರುವಿನ ಲೇಖನಿಯು ಒಬ್ಬಳ ಸ್ವಂತ ಮಾತನ್ನೇ ಕಾಪಾಡಿಟ್ಟ ಅಪೂರ್ವ ನಿದರ್ಶನವು ಫ್ರಾನ್ಸ್ ದೇಶದ ಜೋನ್ ಎಂಬ ಕನ್ಯೆಯದು. ಡೊಂರೆಮಿ ಎಂಬ ಹಳ್ಳಿಯ ಒಕ್ಕಲಿನ ಮನೆಯ ಮಗಳು. ಓದುಬರಹವಿಲ್ಲ. ದೇವವಾಣಿಯು ತನಗೆ ಕೇಳಿಸುತ್ತಿದೆಯೆಂದು ನಂಬಿ, ಗಂಡುಡುಗೆಯನ್ನು ತೊಟ್ಟು, ೧೪೨೯ರ ಮೇ ತಿಂಗಳಲ್ಲಿ ಆಂಗ್ಲರು ಮುತ್ತಿದ್ದ ಓರ್ಲೆಯಾನ್ ನಗರವನ್ನು ಬಿಡಿಸಿದಳು. ಅದೇ ಜುಲೈ ೧೭ರಂದು ರ‍್ಹೀಮ್ಸ್ ನಗರದಲ್ಲಿ ಏಳನೆಯ ಚಾರ್ಲ್ಸನಿಗೆ ಪಟ್ಟವಾಗುವಾಗ ಧ್ವಜವನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಮರುವರ್ಷ ಸೆರೆಸಿಕ್ಕಿದಳು. ಅವಳಿಂದ ಕಿರೀಟವನ್ನು ಪಡೆದ ಅರಸನು ಅವಳನ್ನು ಬಿಡಿಸುವುದಕ್ಕೆ ಏನನ್ನೂ ಮಾಡಲಿಲ್ಲವೆಂಬುದನ್ನು ಓದುವಾಗ ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಡಬೇಕಾಗುತ್ತದೆ. ಆಂಗ್ಲರ ಪಕ್ಷದ ಧರ್ಮಾಧಿಕಾರಿಗಳು ರುವಾನ್ ನಗರದಲ್ಲಿ ವಿಚಾರಣೆಯನ್ನು ನಡೆಸಿ ೧೪೩೧ರ ಮೇ ೩೦ರಂದು ಅವಳನ್ನು ಸುಡಿಸಿದರು. ಆಕ್ಷೇಪಣೆಗಳಲ್ಲಿ ಗಂಡುಡುಗೆಯೂ ಒಂದು. ಆ ವಿಚಾರಣೆಯ ಪ್ರಶ್ನೋತ್ತರಗಳನ್ನು ಲೇಖಕರು ದಿನದಿನವೂ ಬರೆದುಕೊಂಡರು. ಈಶ್ವರಾನುಗ್ರಹವು ನಿನ್ನ ಮೇಲೆ ಇದೆಯೇ, ಎಂದು ಪಂಡಿತರು ಕೇಳಿದರು. ಇದೆಯೆಂದರೆ ಅಹಂಕಾರ, ಇಲ್ಲವೆಂದರೆ ತಪ್ಪೊಪ್ಪಿಗೆ. ಇಲ್ಲದಿದ್ದರೆ ದೇವರು ಕರುಣಿಸಲಿ, ಇದ್ದರೆ ಅದರಲ್ಲಿಯೇ ಇರಿಸಲಿ, ಎಂಬರ್ಥದ ಉತ್ತರವನ್ನು ಆ ಹತ್ತೊಂಬತ್ತರ ಹುಡುಗಿಯು ಕೊಟ್ಟಳು. ತಾನು ಖಡ್ಗಕ್ಕಿಂತ ಧ್ವಜವನ್ನು ಬಹಳ ಪ್ರೀತಿಸಿದವಳೆಂದೂ, ಯಾರನ್ನೂ ಕೊಲ್ಲಬಾರದೆಂದೇ ಅದನ್ನು ಹಿಡಿದವಳೆಂದೂ ಹೇಳಿದಳು. ತರ್ಕಶಾಲೆಯ ಮೆಟ್ಟಿಲನ್ನೇ ತುಳಿಯದವಳು ಹೀಗೆ ಉಭಯಪಾಶವನ್ನು ಕಡಿದುಕೊಂಡುದನ್ನು ನಾನು ವಿದ್ಯಾರ್ಥಿಗಳಿಗೆ ಆಗಾಗ ಹೇಳುವುದುಂಟು. ಅವಳನ್ನು ಸುಟ್ಟವರ ಕಾಗದಗಳೇ ೧೪೫೬ರಲ್ಲಿ ಆ ತೀರ್ಪನ್ನು ರದ್ದುಗೊಳಿಸುವಾಗ ಪ್ರಮಾಣವಾದುವು. ೧೯೨೦ರಲ್ಲಿ ಅವರ ಧರ್ಮಪೀಠವು ಅವಳನ್ನು ಸಂತಳೆಂದು ಘೋಷಿಸಿತು.

ಆಂಗ್ಲರು ಜೋನಳನ್ನು ಮಾಟಗಾತಿಯೆಂದರಷ್ಟೆ. ಐನೂರು ವರ್ಷಗಳು ಕಳೆದರೂ ಸೋತ ಗಂಡಸಿನ ಬಾಯಿಗೆ ಬೇರೆ ಮಾತು ಬರಲಿಲ್ಲವೆಂಬುದು ವಿನೋದ. ಎರಡನೆಯ ಮಹಾಯುದ್ಧದಲ್ಲಿ ಮರೀನಾ ರಾಸ್ಕೋವಾ ಎಂಬ ವೈಮಾನಿಕಳ ಪ್ರಯತ್ನದಿಂದ ೧೯೪೧ರಲ್ಲಿ ರಷ್ಯದಲ್ಲಿ ಸ್ತ್ರೀಯರ ಮೂರು ವಿಮಾನದಳಗಳು ಏರ್ಪಟ್ಟುವು. ಅವುಗಳಲ್ಲಿ ಒಂದು ದಳದ ತರುಣಿಯರು ಮರ ಮತ್ತು ಬಟ್ಟೆಯಿಂದ ಮಾಡಿದ ಹಗುರವಾದ ವಿಮಾನಗಳಲ್ಲಿ ರಾತ್ರಿಯೇ ಹಾರಿ, ಗುರಿಯ ಬಳಿ ಯಂತ್ರದ ಸದ್ದನ್ನು ಅಡಗಿಸಿ ತೇಲಿಬಂದು ಬಾಂಬುಗಳನ್ನು ಹಾಕುತ್ತಿದ್ದರು. ಜರ್ಮನ್ ಸೈನಿಕರು ಇವರಿಗೆ ರಾತ್ರಿಯ ಮಾಟಗಾತಿಯರೆಂದು ಹೆಸರಿಟ್ಟರು. ಈ ಬಾರಿ ಒಂದು ವ್ಯತ್ಯಾಸವಾಯಿತು. ಆ ಹೆಸರನ್ನು ಅವರು ಬಿರುದಿನಂತೆ ಧರಿಸಿದರು. ಬದುಕಿ ಉಳಿದವರು ತಮ್ಮ ಕಥೆಯನ್ನು ತಾವೇ ಬರೆದರು. ೧೯೪೩ರಲ್ಲಿ ಸಿಂಗಪುರದಲ್ಲಿ ಸುಭಾಷಚಂದ್ರರು ಸ್ಥಾಪಿಸಿದ ಝಾನ್ಸಿರಾಣಿ ದಳದ ನಾಯಕಿಯಾದ ಕ್ಯಾಪ್ಟನ್ ಲಕ್ಷ್ಮಿಯವರೂ ತಮ್ಮ ಸ್ಮೃತಿಗಳನ್ನು ಬರೆದಿಟ್ಟಿದ್ದಾರೆ. ಅಲ್ಲಿಂದೀಚೆಗೆ ನಮ್ಮ ಗುರುಗಳ ಪ್ರಶ್ನೆಗೆ ಅಷ್ಟು ಕೆಲಸವಿಲ್ಲ.

ಇನ್ನು ನಮ್ಮ ನಾಡಿನ ವಿಷಯ. ಇಲ್ಲಿ ಕಲ್ಲೂ ಮಾತನಾಡುತ್ತದೆ. ಕಲ್ಯಾಣದ ಚಾಲುಕ್ಯ ವಂಶದ ಅಕ್ಕಾದೇವಿಯು ಜಯಸಿಂಹ ಜಗದೇಕಮಲ್ಲನ ಸೋದರಿ. ಕಿಸುಕಾಡು ನಾಡನ್ನು ಆಳಿದವಳು. ಗುಣದ ಬೆಡಂಗಿ ಎಂಬ ಬಿರುದಿನವಳು. ಯುದ್ಧದಲ್ಲಿ ಭೈರವಿಯೆಂದು ಶಾಸನಗಳಲ್ಲಿ ಸ್ತುತಳಾದವಳು. ೧೦೪೭ರಲ್ಲಿ ಅವಳು ಗೋಕಾಗೆಯ, ಎಂದರೆ ಈಗಿನ ಗೋಕಾಕದ, ಕೋಟೆಯನ್ನು ಮುತ್ತಿದ್ದ ಸಂದರ್ಭವು ಬಾಗಿಲುಕೋಟೆ ಜಿಲ್ಲೆಯ ಅರಸಿಬೀದಿಯ ಶಾಸನದಲ್ಲಿದೆ. ಬರೆಸಿದವರು ಅವಳ ಕಡೆಯವರೇ. ಅದರಲ್ಲಿ ಆಶ್ಚರ್ಯವೂ ಇಲ್ಲ, ಅಪಹಾಸ್ಯವೂ ಇಲ್ಲ. ಕೋಟೆಗೆ ಮುತ್ತಿಗೆ ಹಾಕಿದ್ದ ಸಮಯದಲ್ಲಿ ಇಂಥ ದಾನವನ್ನು ಕೊಟ್ಟಳೆಂದು ಯಾವ ಅರಸನ ವಿಷಯದಲ್ಲಿ ಬರೆಯುವಂತೆಯೋ ಹಾಗೆ ಬರೆದಿದ್ದಾರೆ. ಹಗೆಯ ಬರಹಕ್ಕೂ ಮನೆಯವರ ಬರಹಕ್ಕೂ ಇರುವ ಅಂತರವು ಇಷ್ಟೇ. ಆದರೆ ಇಂತಹ ಕಲ್ಲುಗಳು ವಿರಳ. ನಮ್ಮ ಊರುಗಳಲ್ಲಿ ಸ್ತ್ರೀಯ ನೆನಪಿಗೆ ನಿಂತ ಕಲ್ಲುಗಳಲ್ಲಿ ಬಹುಭಾಗವು ಮಾಸ್ತಿಕಲ್ಲುಗಳು. ಬಳೆತೊಟ್ಟ ತೋಳೊಂದನ್ನು ಎತ್ತಿ ತೋರಿಸುವ ಆ ಕಲ್ಲುಗಳು ಗಂಡನೊಡನೆ ಚಿತೆಯೇರಿದವಳನ್ನು ನೆನೆಯುತ್ತವೆ, ಕಾದಿದವಳನ್ನಲ್ಲ.

ಕಲ್ಲೂ ಇಲ್ಲದೆ ಶತ್ರುವಿನ ಕಾಗದವೂ ಇಲ್ಲದೆ ಉಳಿದವಳು ಚಿತ್ರದುರ್ಗದ ಓಬವ್ವ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ, ಊಟಕ್ಕೆ ಕುಳಿತ ಕಾವಲುಗಾರ ಗಂಡನನ್ನು ಎಬ್ಬಿಸದೆ, ಕಿಂಡಿಯಿಂದ ನುಸುಳಿಬಂದವರನ್ನು ಒನಕೆಯಿಂದ ಬಡಿದಳೆಂಬ ಕಥೆಯು ಜನರ ಬಾಯಿಂದಲೇ ನಮ್ಮವರೆಗೆ ಬಂದಿದೆ. ಅರಮನೆಯ ಲೇಖಕನಿಗೆ ಕಾವಲುಗಾರನ ಹೆಂಡತಿಯು ಕಾಣಿಸುವಳೇ?

ಬೆಳವಡಿಯ ಮಲ್ಲಮ್ಮನ ವಿಷಯವು ಇನ್ನೂ ಸ್ವಾರಸ್ಯವಾದುದು. ಶಿವಾಜಿ ಮಹಾರಾಜನು ದಕ್ಷಿಣದ ದಂಡಯಾತ್ರೆಯಿಂದ ಮರಳುವಾಗ ಅವನ ಸೈನ್ಯಕ್ಕೆ ಈ ಚಿಕ್ಕ ಗಢಿಯು ಇದಿರಾಯಿತು. ರಾಜಾಪುರದ ಆಂಗ್ಲ ವರ್ತಕರು ೧೬೭೮ರಲ್ಲಿ ಬರೆದ ಕಾಗದವೊಂದರಲ್ಲಿ, ಎಷ್ಟೋ ರಾಜ್ಯಗಳನ್ನು ಗೆದ್ದವನು ಈ ದೇಸಾಯಿಣಿಯನ್ನು ಮಣಿಸಲಾರದೆ ಹೋಗಿದ್ದಾನೆಂಬ ವಾರ್ತೆಯಿದೆ. ಈ ವಾರ್ತೆಯನ್ನು ಅವರಿಗೆ ತಂದವರು ಶಿವಾಜಿಯ ಕಡೆಯ ಜನರೇ. ಮರಾಠಿ ಬಖರಿನಲ್ಲಿ ಅವಳ ಹೆಸರು ಸಾವಿತ್ರೀಬಾಯಿ. ಕನ್ನಡಿಗರ ಬಾಯಲ್ಲಿ ಮಲ್ಲಮ್ಮ. ಒಬ್ಬಳಿಗೆ ಎರಡು ಹೆಸರು. ಆದರೂ ಅವಳು ಕಾದಿದಳೆಂಬ ವಿಷಯದಲ್ಲಿ ಮೂರು ಪಕ್ಷದವರಿಗೂ ಒಮ್ಮತ. ಧಾರವಾಡದ ಬಳಿಯ ಯಾದವಾಡದಲ್ಲಿರುವ ಶಿಲ್ಪವನ್ನು ಈ ಪ್ರಸಂಗಕ್ಕೆ ಸೇರಿದುದೆಂದು ಹೇಳುವರು. ಅದರಲ್ಲಿ ಹಗೆತನವಲ್ಲ, ಮೆಚ್ಚುಗೆಯೇ ಮೂಡಿದೆ.

ಕೆಳದಿಯ ಚೆನ್ನಮ್ಮಾಜಿಯ ಪುಣ್ಯವು ದೊಡ್ಡದು. ಪತಿಯ ಮರಣಾನಂತರ ರಾಜ್ಯವನ್ನು ವಹಿಸಿಕೊಂಡು, ೧೬೮೯ರಲ್ಲಿ ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವನ್ನಿತ್ತು, ಬೆನ್ನಟ್ಟಿಬಂದ ಮೊಗಲ ಸೈನ್ಯವನ್ನು ಎದುರಿಸಿದ ಈಕೆಯ ಚರಿತ್ರೆಯನ್ನು ಲಿಂಗಣ್ಣಕವಿಯ ಕೆಳದಿನೃಪವಿಜಯದಲ್ಲಿ ಭಕ್ತಮಹಾಶಯರು ಓದಿಯೇ ಇರುವರು. ಅವಳ ದತ್ತಪುತ್ರನಾದ ಬಸವಪ್ಪನಾಯಕನು ಶಿವತತ್ತ್ವರತ್ನಾಕರವೆಂಬ ಮಹಾಗ್ರಂಥವನ್ನು ರಚಿಸಿ ಅದರಲ್ಲಿ ತನ್ನ ವಂಶದ ವೃತ್ತಾಂತವನ್ನೂ ಸೇರಿಸಿದನು. ತಾಯಿಯು ಆಯ್ದು ತಂದ ಮಗನು ವಿದ್ವಾಂಸನಾದರೆ ವಂಶವು ಹಗೆಯ ಲೇಖನಿಯನ್ನು ಬೇಡಬೇಕಾಗಿಲ್ಲ.

ಆ ಭಾಗ್ಯವು ಕಿತ್ತೂರಿಗೆ ಇರಲಿಲ್ಲ. ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿ ಚೆನ್ನಮ್ಮನವರು. ೧೮೨೪ರ ಸೆಪ್ಟೆಂಬರಿನಲ್ಲಿ ಹಿರಿಯ ರಾಣಿಯ ಮಗನಾದ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿದನು. ತೀರುವ ಮುನ್ನ ಒಬ್ಬ ಹುಡುಗನನ್ನು ದತ್ತುಪಡೆದಿದ್ದನು. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ದತ್ತಕಪತ್ರವು ಸಂದೇಹಾಸ್ಪದವೆಂದು ಅದನ್ನು ಒಪ್ಪದೆ, ಕಿತ್ತೂರಿನ ಭಂಡಾರಕ್ಕೆ ಮೊಹರು ಹಾಕಿಸಿ ಕಾವಲಿಟ್ಟನು. ಬೌಡಿಕೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಅರಸನು ಸಾಯುತ್ತಾನೆ, ಅವನು ಗೊತ್ತುಮಾಡಿದ ವಾರಸುದಾರರನ್ನು ಚಕ್ರಾಧಿಪತ್ಯವು ಒಪ್ಪುವುದಿಲ್ಲ, ಭಂಡಾರದ ಬಾಗಿಲಿಗೆ ಪರರ ಕಾವಲು ಬೀಳುತ್ತದೆ. ೧೮೫೪ರಲ್ಲಿ ಝಾನ್ಸಿಯಲ್ಲಿ ನಡೆದುದೂ ಇದೇ. ಈ ರಾಣಿಯರು ಯುದ್ಧಪ್ರಿಯರಾಗಿ ಖಡ್ಗವನ್ನು ಹಿಡಿದವರಲ್ಲ. ಅವರ ಕೈಯಲ್ಲಿದ್ದುದು ಮೊದಲು ಅರ್ಜಿ. ಅರ್ಜಿಯು ತಿರಸ್ಕೃತವಾದ ಮೇಲೆ ಖಡ್ಗ.

ಅಕ್ಟೋಬರ್ ೨೩ರಂದು ಥ್ಯಾಕರೆಯು ಸೈನ್ಯ ಮತ್ತು ತೋಪುಗಳೊಡನೆ ಕೋಟೆಯ ಬಾಗಿಲಿಗೆ ಬಂದು ನಿಂತು, ತೆರೆಯಲು ನಿಮಿಷಗಳ ಲೆಕ್ಕದ ಗಡುವನ್ನು ಕೊಟ್ಟನು. ಬಾಗಿಲು ತೆರೆಯಿತು, ಹೊರಗೆ ಬಂದುದು ಕಿತ್ತೂರಿನ ದಂಡು. ಥ್ಯಾಕರೆಯು ಗುಂಡಿಗೆ ಬಲಿಯಾದನು. ಅವನೊಡನೆ ಸೈನ್ಯದ ಮೂವರು ಆಂಗ್ಲ ಅಧಿಕಾರಿಗಳೂ ಮಡಿದರು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸೆರೆಸಿಕ್ಕಿದರು. ಡಿಸೆಂಬರಿನಲ್ಲಿ ಕಂಪೆನಿಯ ದೊಡ್ಡ ಸೈನ್ಯವು ಸುತ್ತುವರಿಯಿತು. ಸೆರೆಯಾಳುಗಳು ಸುರಕ್ಷಿತವಾಗಿ ಬಿಡುಗಡೆಹೊಂದಿದರು. ಆ ಬಳಿಕವೂ ಯುದ್ಧವು ನಿಲ್ಲದೆ ಕೋಟೆಯು ಬಿದ್ದಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಲಿಂಗೈಕ್ಯಳಾದಳು. ಅವಳ ಸೇವಕನಾದ ಸಂಗೊಳ್ಳಿ ರಾಯಣ್ಣನು ಕಾಡಿನ ಯುದ್ಧವನ್ನು ನಡೆಸಿ ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಆಮೇಲೆ ಕಿತ್ತೂರಿನ ವಿಷಯವಾಗಿ ಬರೆದವರು ಯಾರು? ಕಂಪೆನಿಯ ಕಚೇರಿಯವರು. ತಾರೀಖು, ತೋಪುಗಳ ಸಂಖ್ಯೆ, ಸತ್ತ ಅಧಿಕಾರಿಗಳ ಹೆಸರು, ಎಲ್ಲವನ್ನೂ ಅವರು ಬರೆದರು. ಅವರ ಕಾಗದಗಳಲ್ಲಿ ಇದಕ್ಕೆ ಬಂಡಾಯವೆಂದು ಹೆಸರು. ನಮ್ಮವರು ಲಾವಣಿಯನ್ನು ಹಾಡಿದರು. ಲಾವಣಿಯಲ್ಲಿ ತಾರೀಖಿಲ್ಲ, ಕಾಗದದಲ್ಲಿ ರಾಣಿಯ ಮನಸ್ಸಿಲ್ಲ. ಎರಡನ್ನೂ ಮುಂದಿಟ್ಟುಕೊಂಡು ಓದಬೇಕಾದುದು ನಮ್ಮ ಪಾಲಿಗೆ ಬಂದ ಕೆಲಸ.

ಸೆರೆಯಲ್ಲಿದ್ದ ಇಬ್ಬರಲ್ಲಿ ವಾಲ್ಟರ್ ಎಲಿಯಟನು ಆಗ ೨೧ ವರ್ಷದವನು. ರಾಣಿಯು ಬಯಸಿದ್ದರೆ ಅವನ ಆಯುಸ್ಸು ಅಂದಿಗೇ ಮುಗಿಯಬಹುದಾಗಿದ್ದಿತು. ಬಿಡುಗಡೆಯಾದ ತರುವಾಯ ಅವನು ೧೮೩೩ರವರೆಗೆ ಧಾರವಾಡದ ಸೀಮೆಯಲ್ಲಿಯೇ ಇದ್ದನು. ಊರೂರು ತಿರುಗಿ, ಗುಡಿಯ ಅಂಗಳದಲ್ಲಿಯೂ ಕೆರೆಯ ದಂಡೆಯಲ್ಲಿಯೂ ಬಿದ್ದ ಕಲ್ಲುಗಳ ಅಕ್ಷರಗಳನ್ನು ಪ್ರತಿಮಾಡಿಸಿದನು. ಹೀಗೆ ಸುಮಾರು ೬೦೦ ಶಾಸನಗಳ ಪ್ರತಿಗಳು ಕೂಡಿದುವು. ಚಾಲುಕ್ಯ ಅರಸರ ವಂಶಾವಳಿಯನ್ನು ಶಾಸನಗಳ ಆಧಾರದಿಂದ ಜೋಡಿಸಿ ೧೮೩೭ರಲ್ಲಿ ಲಂಡನ್ನಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದವನು ಅವನೇ. ವೃದ್ಧಾಪ್ಯದಲ್ಲಿ ಕಣ್ಣು ಬಹುಮಟ್ಟಿಗೆ ಕಾಣದಂತಾದರೂ ದಕ್ಷಿಣದೇಶದ ನಾಣ್ಯಗಳ ಮೇಲೆ ಗ್ರಂಥವನ್ನು ಬರೆಸಿ, ೧೮೮೭ರಲ್ಲಿ ತೀರಿಕೊಂಡನು. ನಾನು ಬಾಲ್ಯದಲ್ಲಿ ನಮ್ಮೂರ ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲೊಂದರ ಮೇಲೆ ಕುದುರೆಯ ಕಾಲುಗಳನ್ನೂ ಬಳೆತೊಟ್ಟ ಕೈಯೊಂದನ್ನೂ ಕಂಡಿದ್ದೆನು. ಮೇಲಿನ ಸಾಲುಗಳು ಆಗಲೇ ಸವೆದಿದ್ದುವು. ಪಾಠಶಾಲೆಯನ್ನು ಮುಗಿಸಿ, ಹಳೆಯ ಲಿಪಿಯನ್ನು ಓದಲು ಕಲಿತು ಊರಿಗೆ ಮರಳಿದಾಗ, ಆ ಕಲ್ಲನ್ನು ಒಡೆದು ಕೆರೆಯ ಕಟ್ಟೆಗೆ ಹಾಕಿದ್ದರು.